ಮಿಯಾಟಾದ ಹಿಂದಿನ ಟೈರು ಒಳಗಿಂದ ಸವೆದದ್ದು, ಗ್ಯಾರೇಜಿನಲ್ಲಿ ದಾರ ಕಟ್ಟಿ ಮಾಡಿದ ಅಲೈನ್‌ಮೆಂಟ್

ಕಾರು 2001ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಲೇ ಕರೆಯುತ್ತಾರೆ. ಎರಡನೇ ತಲೆಮಾರಿನದು, ಮುಂದೆ 1.8 ಲೀಟರ್ ಎಂಜಿನ್, ಓಡಿಸುವುದು ಹಿಂದಿನ ಚಕ್ರಗಳು, ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಟೈರು 195/50 ಆರ್15. ಇರುವುದು ಮಿಶಿಗನ್‌ನಲ್ಲಿ, ಅಂದರೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು. ಹಳೆಯ ಮಾಲೀಕರು ಕಾರನ್ನು ಸುಮಾರು 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದರು. ಉಪ್ಪು ಮತ್ತು ಸ್ಪ್ರಿಂಗ್, ಈ ಎರಡೂ ಸೇರಿಯೇ ಇಷ್ಟು ಕೆಲಸ ಕೊಟ್ಟಿದ್ದು.

ಹಂತ 1: ಟೈರು ಏನು ಹೇಳುತ್ತಿತ್ತು

ಹಿಂದಿನ ಎಡ ಟೈರಿನಲ್ಲಿ ಹೊರಅಂಚಿಗೆ 5.5 ಮಿ.ಮೀ. ಆಳದ ಗ್ರೂವ್ ಇತ್ತು, ನಡುವೆ 4.5. ಒಳಅಂಚಿನಲ್ಲಿ ರಬ್ಬರೇ ಇರಲಿಲ್ಲ, ತಂತಿ ಕಾಣುತ್ತಿತ್ತು. ಬಲ ಟೈರಿನಲ್ಲಿ ಹೊರಗೆ 5.5, ನಡುವೆ 4.8, ಒಳಗೆ 1. ನಿಂತು ನೋಡಿದರೆ ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು. ಒಳಅಂಚು ಕಾಣಬೇಕಾದರೆ ಬಂಪರಿನ ಹಿಂದೆ ನೆಲದ ಮೇಲೆ ಮಲಗಿ ಟಾರ್ಚ್ ಹಾಕಬೇಕು. ತಗ್ಗಿಸಿದ ಕಾರು ಇರುವವರು ಇವತ್ತೇ ಒಂದು ಸಲ ಮಲಗಿ ನೋಡಿ.

ಟೈರು ಬಿಚ್ಚುವ ಮೊದಲು ಅಂಗೈಯಿಂದ ಅಡ್ಡಕ್ಕೆ ಸವರಿ ನೋಡಿದೆ. ಒಳಗಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲು ತಾಗಿದ ಹಾಗೆ. ಅಂದರೆ ಪ್ರತಿ ರಿಬ್ಬಿನ ಚೂಪು ಅಂಚು ಹೊರಗಡೆ ಇದೆ. ಇದು ಟೋ-ಔಟ್ ಗುರುತು, ಅಂದರೆ ಚಕ್ರದ ಮುಂದಿನ ಅಂಚು ಹೊರಕ್ಕೆ ತಿರುಗಿದೆ. ಟೋ-ಇನ್ (ಮುಂದಿನ ಅಂಚು ಒಳಕ್ಕೆ ತಿರುಗಿರುವುದು) ಜಾಸ್ತಿ ಇದ್ದಿದ್ದರೆ ಚೂಪು ಅಂಚು ಒಳಗಡೆ ಸಿಗುತ್ತಿತ್ತು. ಬರೀ ಕ್ಯಾಂಬರ್‌ನಿಂದ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಸವೆದ ಟೈರು ಒಂದು ಕಡೆಗೆ ಓರೆಯಾಗಿ ಸವೆದರೂ ಎರಡೂ ದಿಕ್ಕಿಗೆ ನುಣುಪಾಗಿಯೇ ಇರುತ್ತದೆ.

ಈ ಕೈ ಪರೀಕ್ಷೆಗೆ ಬೆಲೆ ಕೊಡಬೇಕು, ಯಾಕೆಂದರೆ ಒಳಅಂಚು ಸವೆದಿದೆ ಅಂದ ತಕ್ಷಣ ಎಲ್ಲರೂ "ಕಾರು ತಗ್ಗಿಸಿದ್ದೀರಲ್ಲ, ಕ್ಯಾಂಬರ್ ಜಾಸ್ತಿಯಾಗಿದೆ" ಅಂತಾರೆ. ನನ್ನ ಅನುಭವದಲ್ಲಿ ಟೈರು ತಿನ್ನುವುದು ಟೋ. ಎಲ್ಲಿಂದ ತಿನ್ನಬೇಕು ಅಂತ ಜಾಗ ತೋರಿಸುವುದು ಕ್ಯಾಂಬರ್. ಟೋ ಸರಿ ಇದ್ದರೆ 2 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಇಟ್ಟುಕೊಂಡೂ ದಿನಾ ಓಡಿಸಬಹುದು.

ಇನ್ನೂ ಎರಡು ಸೂಚನೆ ಇದ್ದವು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸುಮಾರು 5 ಡಿಗ್ರಿ ಎಡಕ್ಕೆ ತಿರುಗಿಕೊಂಡು ನಿಲ್ಲುತ್ತಿತ್ತು. ಮಳೆಯಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಹಗುರಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಹಿಂದೆ ಟೋ-ಔಟ್ ಇರುವ ಕಾರಿಗೆ ಇದೇ ಚಾಳಿ.

ಹಂತ 2: ಹಳೆಯ ಪ್ರಿಂಟೌಟ್

ಕಾರು ತಗೊಂಡ ಮೇಲೆ ಒಂದು ಅಂಗಡಿಯಲ್ಲಿ "ನಾಲ್ಕು ಚಕ್ರದ ಅಲೈನ್‌ಮೆಂಟ್" ಅಂತ 130 ಡಾಲರ್ ಕೊಟ್ಟು ಮಾಡಿಸಿದ್ದೆ. ಆ ಕಾಗದ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇತ್ತು. ಮುಂದಿನ ಟೋ ಹಸಿರಾಗಿತ್ತು, ಅಂದರೆ ಸರಿ ಇತ್ತು. ಹಿಂದಿನ ಸಾಲುಗಳಲ್ಲಿ "ಮೊದಲು", "ನಂತರ" ಎರಡೂ ಕಡೆ ಅದೇ ಅಂಕಿ: ಎಡ ಟೋ ಮೈನಸ್ 0.55 ಡಿಗ್ರಿ, ಬಲ ಟೋ ಪ್ಲಸ್ 0.15 ಡಿಗ್ರಿ (ಮೈನಸ್ ಅಂದರೆ ಹೊರಕ್ಕೆ, ಪ್ಲಸ್ ಅಂದರೆ ಒಳಕ್ಕೆ). ಹಿಂದಿನದನ್ನು ಯಾರೂ ಮುಟ್ಟಿಯೇ ಇಲ್ಲ. ಫೋನ್ ಮಾಡಿ ಕೇಳಿದರೆ "ಬೋಲ್ಟ್ ಜಾಮ್ ಆಗಿತ್ತು, ಮುರಿದರೆ ನಮ್ಮ ತಲೆಗೆ ಬರುತ್ತೆ" ಅಂದರು. ಕಾರಣ ನ್ಯಾಯವಾದದ್ದೇ. ಆದರೆ ಅದನ್ನು ಬಿಲ್ಲಿನಲ್ಲಿ ಒಂದು ಸಾಲು ಬರೆಯಬಹುದಿತ್ತು ಅಲ್ವಾ?

ಇಲ್ಲಿ ಊರಿನ ಅಭ್ಯಾಸವೂ ಅಡ್ಡ ಬರುತ್ತದೆ. ನಮ್ಮ ಕಡೆ ನಾವು ನೋಡಿದ ಹಿಂದಿನ ಚಕ್ರ ಓಡಿಸುವ ಗಾಡಿಗಳು ಅಂದರೆ ಅಂಬಾಸಿಡರ್, ಕಾಂಟೆಸ್ಸಾ, ಓಮ್ನಿ. ಎಲ್ಲಕ್ಕೂ ಹಿಂದೆ ಗಟ್ಟಿ ಆಕ್ಸಲ್, ಅಲ್ಲಿ ತಿರುಗಿಸಿ ಹೊಂದಿಸುವುದಕ್ಕೆ ಏನೂ ಇಲ್ಲ. ಹಾಗಾಗಿ ಅಲೈನ್‌ಮೆಂಟ್ ಅಂದರೆ ಮುಂದಿನ ಚಕ್ರ ಅಂತಲೇ ತಲೆಯಲ್ಲಿ ಕೂತಿದೆ. ಮಿಯಾಟಾದಲ್ಲಿ ಹಿಂದಿನ ಪ್ರತಿ ಚಕ್ರದ ಕೆಳಗಿನ ಆರ್ಮಿಗೂ ಎರಡೆರಡು ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮನ್ನು ಒಳಕ್ಕೆ ಹೊರಕ್ಕೆ ಸರಿಸುವ ಬೋಲ್ಟ್) ಇವೆ, ಕ್ಯಾಂಬರ್ ಮತ್ತು ಟೋ ಎರಡನ್ನೂ ಹೊಂದಿಸಬಹುದು.

ಎಡ ಚಕ್ರ ಅಷ್ಟು ಹೊರಕ್ಕೆ, ಬಲ ಚಕ್ರ ಸ್ವಲ್ಪ ಒಳಕ್ಕೆ. ಹಾಗಾದರೆ ಬಲ ಟೈರು ಯಾಕೆ ಸವೆಯಿತು? ಎರಡೂ ಚಕ್ರಗಳ ಮೂತಿ ಎಡಕ್ಕೇ ಇದೆ. ಕಾರು ಓಡುವಾಗ ಎರಡರ ಸರಾಸರಿ ದಿಕ್ಕಿನಲ್ಲಿ, ಮೈ ಒಂಚೂರು ಓರೆ ಮಾಡಿಕೊಂಡು ಹೋಗುತ್ತದೆ. ಆಗ ಒಟ್ಟು 0.4 ಡಿಗ್ರಿ ಟೋ-ಔಟ್ ಎರಡೂ ಟೈರಿಗೆ ಸಮನಾಗಿ ಹಂಚಿಹೋಗುತ್ತದೆ. ತಲಾ 0.2 ಡಿಗ್ರಿ ಅಂದರೆ ಕಿಲೋಮೀಟರಿಗೆ ಸುಮಾರು 3.5 ಮೀಟರ್ ಪಕ್ಕಕ್ಕೆ ಉಜ್ಜಿದ ಹಾಗೆ. ಸ್ಟೀರಿಂಗ್ ಎಡಕ್ಕೆ ನಿಲ್ಲುತ್ತಿದ್ದದ್ದೂ ಇದೇ ಕಾರಣಕ್ಕೆ. ಎಡ ಟೈರು ಇನ್ನೂ ಬೇಗ ಹೋದದ್ದು ಅದರ ಕ್ಯಾಂಬರ್ ಮೈನಸ್ 2.4 ಇದ್ದುದರಿಂದ. ಬಲಕ್ಕೆ ಮೈನಸ್ 1.9 ಇತ್ತು.

ಹಂತ 3: ಕಾರು ನಿಲ್ಲಿಸಲು ಸಮತಟ್ಟು ಜಾಗ

ಕ್ಯಾಮ್ ಬೋಲ್ಟ್ ತಿರುಗಿಸುವಾಗ ಕಾರು ತನ್ನ ಚಕ್ರದ ಮೇಲೆಯೇ ಕೂತಿರಬೇಕು. ಜ್ಯಾಕಿನಲ್ಲಿ ಎತ್ತಿದರೆ ಅಳತೆ ಎಲ್ಲ ಸುಳ್ಳು. ಹಾಗಂತ ನೆಲದ ಮೇಲೆ ನಿಂತ ಮಿಯಾಟಾದ ಕೆಳಗೆ ಕೈ ಕೂಡ ಹೋಗುವುದಿಲ್ಲ. ಆದ್ದರಿಂದ 38 ಮಿ.ಮೀ. ದಪ್ಪದ ಹಲಗೆ ಕತ್ತರಿಸಿ, ಐದೈದು ಪದರ ಸ್ಕ್ರೂ ಹೊಡೆದು 190 ಮಿ.ಮೀ. ಎತ್ತರದ ನಾಲ್ಕು ಮರದ ಪೀಠ ಮಾಡಿದೆ. ಅಗಲದಲ್ಲಿ ಪೀಠ ಟೈರಿಗಿಂತ ಧಾರಾಳವಾಗಿರಲಿ. ಕಾರಿನ ಕೆಳಗೆ ಹೋಗುವಾಗ ಸಬ್‌ಫ್ರೇಮಿನ ಕೆಳಗೆ ಸ್ಟ್ಯಾಂಡುಗಳನ್ನೂ ತಾಗಿಯೂ ತಾಗದ ಹಾಗೆ ಇಟ್ಟಿರುತ್ತಿದ್ದೆ. ಇದರಲ್ಲಿ ಜುಗ್ಗತನ ಬೇಡ.

ಗ್ಯಾರೇಜ್ ನೆಲ ಬಾಗಿಲ ಕಡೆಗೆ ಇಳಿಜಾರು. ಎಷ್ಟು ಅಂತ ನೋಡಲು ಲೇಸರ್ ತರಲಿಲ್ಲ. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿದೆ. ಊರಲ್ಲಿ ಮನೆ ಕಟ್ಟುವ ಮೇಸ್ತ್ರಿಗಳು ಇವತ್ತಿಗೂ ಹಾಗೇ ನೋಡುತ್ತಾರೆ, ಪೈಪಿನೊಳಗೆ ಗುಳ್ಳೆ ಇಲ್ಲದಿದ್ದರೆ ಮಿಲಿಮೀಟರಿನ ಲೆಕ್ಕ ಸಿಗುತ್ತದೆ. ಹಿಂಭಾಗ 22 ಮಿ.ಮೀ. ತಗ್ಗು. ಅದರ ಜೊತೆಗೆ ಎಡ-ಬಲ 6 ಮಿ.ಮೀ. ವ್ಯತ್ಯಾಸ. ಹಿಂದುಮುಂದಿನ ತಗ್ಗಿಗಿಂತ ಈ ಎಡ-ಬಲದ 6 ಮಿ.ಮೀ. ಮುಖ್ಯ, ಕ್ಯಾಂಬರ್ ಅಳತೆಯನ್ನು ಅದು ಕಾಲು ಡಿಗ್ರಿ ಕೆಡಿಸುತ್ತದೆ. ಹಿಂದೆ 19 ಮಿ.ಮೀ. ಪ್ಲೈವುಡ್ ಮತ್ತು ಒಂದು 3 ಮಿ.ಮೀ. ವಿನೈಲ್ ಟೈಲ್, ತಗ್ಗಿದ್ದ ಕಡೆ ಇನ್ನೆರಡು ಟೈಲ್. ಮಟ್ಟ ಸರಿಯಾಯಿತು.

ಮೊದಲ ಅಳತೆಗಳಲ್ಲಿ ಒಂದು ತಮಾಷೆ ಆಯಿತು. ಕ್ಯಾಮ್ ತಿರುಗಿಸಿದರೂ ಟೋ ಅಲ್ಲಾಡುತ್ತಿರಲಿಲ್ಲ, ಆಮೇಲೆ ಬಾಗಿಲು ಹಾಕಿದಾಗ ಸುಮ್ನೆ ಜಿಗಿಯುತ್ತಿತ್ತು. ಟೈರಿನ ರಬ್ಬರ್ ಮರವನ್ನು ಕಚ್ಚಿ ಹಿಡಿದಿತ್ತು. ಪ್ರತಿ ಟೈರಿನ ಕೆಳಗೆ ಎರಡು ಟೈಲ್, ನಡುವೆ ಗ್ರೀಸ್ ಹಚ್ಚಿ ಇಟ್ಟ ಮೇಲೆ ಚಕ್ರ ತನ್ನಿಂತಾನೇ ಜಾರಿ ಕೂರುತ್ತಿತ್ತು. ದುಡ್ಡು ಕೊಟ್ಟು ತಿರುಗುವ ತಟ್ಟೆ ಕೊಳ್ಳುವ ಅಗತ್ಯವಿಲ್ಲ.

ಉಳಿದ ತಯಾರಿ: ನಾಲ್ಕೂ ಟೈರಿಗೆ 26 ಪಿಎಸ್ಐ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲ್. ಡ್ರೈವರ್ ಸೀಟಿನಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ ಎಂಟು, ಸುಮಾರು 72 ಕಿಲೋ. ಸಾವಿರ ಕಿಲೋ ಚಿಲ್ಲರೆ ತೂಕದ ಕಾರಿನಲ್ಲಿ ಒಬ್ಬರು ಕೂತರೂ ಎತ್ತರ ಬದಲಾಗುತ್ತದೆ. ಅಕ್ಕಿ ವಾಪಸ್ ಅಡುಗೆಮನೆಗೆ ಹೋಯಿತು, ಗ್ರೀಸ್ ವಾಸನೆ ಅಂತ ಮಾತು ಬಂತು. ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಲ್ಲೂ ಆಟ ಇರಲಿಲ್ಲ. ಆಟ ಇದ್ದರೆ ಮೊದಲು ಅದನ್ನು ಸರಿ ಮಾಡಬೇಕು. ಅಲ್ಲಾಡುವ ಜಾಯಿಂಟ್ ಇಟ್ಟುಕೊಂಡು ಅಳೆದರೆ ಪ್ರತಿ ಸಲ ಬೇರೆ ಉತ್ತರ ಬರುತ್ತದೆ.

ಹಂತ 4: ದಾರ

ಮೊದಲು ನಾಲ್ಕು ಸ್ಟ್ಯಾಂಡಿನ ಮೇಲೆ ಎರಡೂ ಬದಿಗೆ ಮೀನು ಹಿಡಿಯುವ ನೈಲಾನ್ ದಾರ ಎಳೆದೆ. ನಾಲ್ಕೂ ಹಬ್ಬಿನ ನಡುವಿನಿಂದ ದಾರಕ್ಕೆ ಒಂದೇ ದೂರ ಬರುವಂತೆ ಹೊಂದಿಸಿ, ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಅಳೆದೆ. ಹಿಂದಿನ ಎಡಕ್ಕೆ 6.2 ಮಿ.ಮೀ. ಹೊರಕ್ಕೆ ಬಂತು, ಬಲಕ್ಕೆ 1.2 ಹೊರಕ್ಕೆ. ಪ್ರಿಂಟೌಟಿನಲ್ಲಿ ಬಲ ಚಕ್ರ ಒಳಕ್ಕೆ ಇದೆ, ಇಲ್ಲಿ ಹೊರಕ್ಕೆ. ಅಂಗಡಿಯ ಯಂತ್ರದ ಮೇಲೆ ಅನುಮಾನ ಬಂತು. ತಪ್ಪು ಇದ್ದದ್ದು ದಾರದಲ್ಲಿ.

ಈ ಕಾರಿನ ಎರಡು ಮುಂದಿನ ಚಕ್ರಗಳ ನಡುವಿನ ಅಗಲ 1415 ಮಿ.ಮೀ., ಹಿಂದೆ 1440. ಅಂದರೆ ಒಂದೊಂದು ಬದಿಗೆ 12.5 ಮಿ.ಮೀ. ವ್ಯತ್ಯಾಸ. ಹಬ್ಬಿನಿಂದ ಒಂದೇ ದೂರಕ್ಕೆ ದಾರ ಕಟ್ಟಿದರೆ ಎರಡು ದಾರಗಳೂ ಮುಂದೆ ಹೋಗುತ್ತಾ ಹತ್ತಿರ ಬರುತ್ತವೆ. 2265 ಮಿ.ಮೀ. ವ್ಹೀಲ್‌ಬೇಸಿಗೆ 12.5 ಅಂದರೆ 0.32 ಡಿಗ್ರಿ. ನನ್ನ ರಿಮ್ಮಿನ ಅಂಚಿನ ವ್ಯಾಸ 405 ಮಿ.ಮೀ., ಅದರಲ್ಲಿ ಇದು ಚಕ್ರಕ್ಕೆ 2.2 ಮಿ.ಮೀ. ಸುಳ್ಳು ಟೋ-ಔಟ್. ಈ ಅಳತೆ ನಂಬಿ ಸರಿ ಮಾಡಿದ್ದರೆ ಹಿಂದಿನ ಚಕ್ರಗಳನ್ನು ವಿಪರೀತ ಒಳಕ್ಕೆ ತಿರುಗಿಸಿ ಹೊಸ ಟೈರಿನ ಹೊರಅಂಚು ತಿಂದಿರುತ್ತಿದ್ದೆ.

ಸರಿಯಾದ ವಿಧಾನ ಇದಕ್ಕಿಂತ ಸುಲಭ. ಎರಡು ಕಬ್ಬಿಣದ ಕೊಳವೆ ತಗೊಂಡು ಎರಡರಲ್ಲೂ ಒಂದೇ ಅಂತರಕ್ಕೆ, 1800 ಮಿ.ಮೀ.ಗೆ, ಗರಗಸದಲ್ಲಿ ಕಚ್ಚು ಹಾಕಿದೆ. ಒಂದು ಮುಂದಿನ ಬಂಪರಿನ ಹತ್ತಿರ, ಇನ್ನೊಂದು ಡಿಕ್ಕಿಯ ಕೆಳಗೆ, ಎರಡನ್ನೂ ಕಾರಿಗೇ ಕಟ್ಟಿದೆ. ಕಚ್ಚಿನಲ್ಲಿ ದಾರ ಕೂರಿಸಿದರೆ ಎರಡೂ ದಾರ ಒಂದಕ್ಕೊಂದು ಸಮಾನಾಂತರ. ಆಮೇಲೆ ಮುಂದಿನ ಎರಡು ಹಬ್ಬಿಗೆ ಎಡ-ಬಲ ಸಮ ದೂರ, ಹಿಂದಿನ ಎರಡಕ್ಕೆ ಎಡ-ಬಲ ಸಮ ದೂರ ಬರುವವರೆಗೆ ಕೊಳವೆ ಸರಿಸುವುದು. ಮುಂದೆ ಮತ್ತು ಹಿಂದೆ ಸಮ ಇರಬೇಕಾಗಿಲ್ಲ. ದಾರ ಕಾರಿಗೇ ಕಟ್ಟಿರುವುದರಿಂದ ಕಾರು ಅಲುಗಿದರೂ ಜೊತೆಗೇ ಬರುತ್ತದೆ, ಕಾಲು ತಾಗಿ ಸ್ಟ್ಯಾಂಡ್ ಸರಿಯುವ ಗೋಳೂ ಇಲ್ಲ.

ಹೊಸ ಅಳತೆ: ಎಡ 4 ಮಿ.ಮೀ. ಹೊರಕ್ಕೆ, ಬಲ 1 ಮಿ.ಮೀ. ಒಳಕ್ಕೆ. ಡಿಗ್ರಿಯಲ್ಲಿ ಮೈನಸ್ 0.57, ಪ್ಲಸ್ 0.14. ಅಂಗಡಿಯ ಕಾಗದಕ್ಕೆ ಹೆಚ್ಚುಕಮ್ಮಿ ಹೊಂದಿತು. ಕೆಲಸ ಮಾಡದಿದ್ದರೂ ಅವರ ಯಂತ್ರ ಸರಿಯಾಗಿಯೇ ಅಳೆದಿತ್ತು.

ಯಂತ್ರದ ಕಾಗದ ಓದುವವರಿಗೆ ಒಂದು ಎಚ್ಚರ. ಕೆಲವು ಯಂತ್ರ ಡಿಗ್ರಿಯನ್ನು ದಶಮಾಂಶದಲ್ಲಿ ಕೊಡುತ್ತವೆ, ಕೆಲವು ನಿಮಿಷದಲ್ಲಿ. 0.10 ಡಿಗ್ರಿ ಬೇರೆ, 10 ನಿಮಿಷ ಬೇರೆ. 10 ನಿಮಿಷ ಅಂದರೆ 0.17 ಡಿಗ್ರಿ.

ಹಂತ 5: ಜಾಮ್ ಆದ ಬೋಲ್ಟುಗಳು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದು. ಹಿಂದಿನ ನಾಲ್ಕು ಕ್ಯಾಮ್ ಬೋಲ್ಟುಗಳಲ್ಲಿ ಬಲಗಡೆಯ ಒಂದು ಮಾತ್ರ ತಿರುಗಿತು. ಎಡಗಡೆ ಎರಡೂ ಜಾಮ್, ಬಲಗಡೆ ಇನ್ನೊಂದು ಜಾಮ್. ನಟ್ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಅದು ನಂಬಿಸಿ ಮೋಸ ಮಾಡುವ ಜಾಗ. ತುಕ್ಕು ಇರುವುದು ಬೋಲ್ಟಿನ ದಂಡಕ್ಕೂ ಆರ್ಮಿನ ತುದಿಯ ರಬ್ಬರ್ ಬುಶ್ಶಿನೊಳಗಿನ ಉಕ್ಕಿನ ಕೊಳವೆಗೂ ನಡುವೆ. ಬೋಲ್ಟ್ ತಿರುಗಿಸಿದರೆ ಇಡೀ ಕೊಳವೆ ರಬ್ಬರನ್ನು ತಿರುಚಿಕೊಂಡು ಒಂಚೂರು ಸುತ್ತುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ.

ಪಿಬಿ ಬ್ಲಾಸ್ಟರ್ (ತುಕ್ಕು ಬಿಡಿಸುವ ಎಣ್ಣೆ) ರಾತ್ರಿಯಿಡೀ ನೆನೆಸಿ ನೋಡಿದೆ. ಎಣ್ಣೆ ಒಳಗೆ ಹೋಗಲು ದಾರಿಯೇ ಇಲ್ಲ, ಎರಡೂ ತುದಿ ಬ್ರಾಕೆಟ್ಟಿಗೆ ಅಂಟಿಕೊಂಡಿದೆ. ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡಿದೆ. ಬೋಲ್ಟ್ ಬಿಸಿಯಾಗುವ ಮೊದಲೇ ಬುಶ್ ಹೊತ್ತಿಕೊಂಡು ಕಪ್ಪು ಹೊಗೆ ಬಂತು, ನಿಲ್ಲಿಸಿದೆ. ಉದ್ದ ಬ್ರೇಕರ್ ಬಾರ್ ಹಾಕಿ ಒತ್ತಿದೆ, ಒಂದು ಕ್ಯಾಮ್ ತಟ್ಟೆಯ ನಾಲಿಗೆ ಬಗ್ಗಿ ಹೋಯಿತು. ಅಲ್ಲಿಗೆ ಸಮಾಧಾನದ ಮಾರ್ಗ ಮುಗಿಯಿತು, ಕತ್ತರಿಸುವುದೇ ಉಳಿದದ್ದು.

ರೆಸಿಪ್ರೊಕೇಟಿಂಗ್ ಗರಗಸದ ಬ್ಲೇಡನ್ನು ಬ್ರಾಕೆಟ್ ಮತ್ತು ಬುಶ್ಶಿನ ನಡುವಿನ ಸಂದಿಯಲ್ಲಿ ತೂರಿಸಿ, ಬೋಲ್ಟಿಗೆ ಎರಡು ಕಡೆ ಕತ್ತರಿಸಬೇಕು. ಸಾಮಾನ್ಯ ಬೈಮೆಟಲ್ ಬ್ಲೇಡುಗಳು ಹಲ್ಲು ಉದುರಿಸಿಕೊಂಡವು. ಕಾರ್ಬೈಡ್ ಹಲ್ಲಿನದು ತಂದ ಮೇಲೆ ಒಂದೊಂದು ಕಡಿತ ಕೆಲವೇ ನಿಮಿಷ. ಮೊದಲೇ ತರಬೇಕಿತ್ತು. ಬ್ಲೇಡ್ ಬ್ರಾಕೆಟ್ಟಿನ ಒಳಮುಖಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಅಲ್ಲಿ ಗೀರು ಬಿದ್ದರೆ ಹೊಸ ಬುಶ್ ಸರಿಯಾಗಿ ಒತ್ತಿ ಕೂರುವುದಿಲ್ಲ.

ಆರ್ಮ್ ಪೂರ್ತಿ ಹೊರಗೆ ತೆಗೆಯಲು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್, ಸ್ವೇ ಬಾರ್ ಲಿಂಕ್, ಮತ್ತೆ ಹಬ್ ಕಡೆಯ ಉದ್ದ ಬೋಲ್ಟ್ ಬಿಚ್ಚಬೇಕು. ಈ ಉದ್ದ ಬೋಲ್ಟ್ ಉಪ್ಪಿನ ಊರುಗಳಲ್ಲಿ ಕುಖ್ಯಾತ. ನಟ್ಟನ್ನು ತುದಿಗೆ ಸಮನಾಗಿ ಬಿಟ್ಟು, ಅದರ ಮೇಲೆ ಸುತ್ತಿಗೆಯಿಂದ ಹೊಡೆದು, ಎಣ್ಣೆ ಹಾಕಿ, ಮರುದಿನ ಮತ್ತೆ ಹೊಡೆದಾಗ ಬಿಟ್ಟಿತು. ಬಿಡದಿದ್ದರೆ ಇನ್ನೊಂದು ಗರಗಸದ ಕಥೆ ಬರೆಯಬೇಕಾಗುತ್ತಿತ್ತು. ಬುಶ್ ಹೊರಗೆ ಒತ್ತಲು ಸ್ನೇಹಿತರ ಹೈಡ್ರಾಲಿಕ್ ಪ್ರೆಸ್ ಬಳಸಿದೆ.

ಹೊಸದಾಗಿ ಪಾಲಿಯುರಿಥೇನ್ ಹಾಕದೆ ರಬ್ಬರ್ ಬುಶ್ಶೇ ಹಾಕಿದೆ. ಪಾಲಿ ಗಟ್ಟಿ ಇರುತ್ತದೆ ನಿಜ, ಆದರೆ ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ಹೊಸ ಬೋಲ್ಟುಗಳ ದಂಡಕ್ಕೆ ಆಂಟಿ-ಸೀಜ್ (ಮತ್ತೆ ಜಾಮ್ ಆಗದಂತೆ ತಡೆಯುವ ಲೇಪ) ಧಾರಾಳವಾಗಿ ಹಚ್ಚಿದೆ. ನಟ್ ಕೂರುವ ತಿರುಪಿನ ಸುತ್ತುಗಳಿಗೆ ಹಚ್ಚಲಿಲ್ಲ. ಅಲ್ಲಿ ಬಿದ್ದರೆ ಟಾರ್ಕ್ ಲೆಕ್ಕ ತಪ್ಪುತ್ತದೆ. ನಟ್ಟುಗಳನ್ನು ಕೊನೆಯ ಬಿಗಿ ಕೊಟ್ಟದ್ದು ಕಾರು ಚಕ್ರದ ಮೇಲೆ ಕೂತ ಮೇಲೆ. ಎತ್ತಿದ ಕಾರಿನಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಬೇರೆ ಬರುತ್ತದೆ.

ಹಂತ 6: ಹಿಂದಿನ ಚಕ್ರ ಹೊಂದಿಸುವುದು

ಯಾವಾಗಲೂ ಹಿಂದಿನದು ಮೊದಲು. ಕಾರು ಯಾವ ದಿಕ್ಕಿಗೆ ಹೋಗುತ್ತದೆ ಅಂತ ತೀರ್ಮಾನ ಮಾಡುವುದು ಹಿಂದಿನ ಚಕ್ರ. ಮುಂದಿನದನ್ನು ಅದಕ್ಕೆ ಹೊಂದಿಸಬೇಕು.

ಎರಡು ಕ್ಯಾಮ್ ಸೇರಿ ಆರ್ಮನ್ನು ಒಳಕ್ಕೆ ಹೊರಕ್ಕೆ ತಳ್ಳಿದರೆ ಮುಖ್ಯವಾಗಿ ಕ್ಯಾಂಬರ್ ಬದಲಾಗುತ್ತದೆ, ಒಂದನ್ನು ಒಳಕ್ಕೆ ಇನ್ನೊಂದನ್ನು ಹೊರಕ್ಕೆ ತಳ್ಳಿದರೆ ಟೋ. ಆದರೆ ಪೂರ್ತಿ ಬೇರೆ ಬೇರೆ ಅಲ್ಲ, ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಸರಿಯುತ್ತದೆ. ಕ್ಯಾಂಬರ್ ಮೊದಲು ಹತ್ತಿರ ತಂದು, ಟೋ ಮಾಡಿ, ಮತ್ತೆ ಕ್ಯಾಂಬರ್ ನೋಡಿ, ಹೀಗೆ ಹೋಗಬೇಕು. ಕ್ಯಾಮ್ ತಟ್ಟೆಯ ಮೇಲೆ ಪೇಂಟ್ ಪೆನ್ನಿನ ಗುರುತು ಹಾಕಿಕೊಂಡಿದ್ದರಿಂದ ವಾಪಸ್ ಬರಲು ದಾರಿ ಇತ್ತು.

ತಗ್ಗಿಸಿದ ಕಾರಾದ್ದರಿಂದ ಎಡಗಡೆ ಮೈನಸ್ 1.7ಕ್ಕಿಂತ ಕಡಿಮೆ ಕ್ಯಾಂಬರ್ ಸಿಗಲಿಲ್ಲ. ಬಲವನ್ನೂ 1.7ಕ್ಕೇ ತಂದೆ. ಬಯಸಿದ್ದು 1.5. ಬಿಡಿ, ಎರಡೂ ಬದಿ ಒಂದೇ ಇರುವುದು ಮುಖ್ಯ. ಟೋ ಎರಡೂ ಕಡೆ 0.75 ಮಿ.ಮೀ. ಒಳಕ್ಕೆ, ಒಟ್ಟು 1.5 ಮಿ.ಮೀ., ಅಂದರೆ 0.21 ಡಿಗ್ರಿ.

ಒಂದು ಕಿರಿಕಿರಿ: ನಟ್ ಬಿಗಿಯುವಾಗ ಕ್ಯಾಮ್ ಜೊತೆಗೇ ತಿರುಗಿ ಟೋ ಅರ್ಧ ಮಿ.ಮೀ. ಓಡಿಹೋಗುತ್ತದೆ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ನಟ್ ಬಿಗಿಯಬೇಕು. ಬಿಗಿದ ಮೇಲೆ ಮತ್ತೆ ಅಳೆಯದೆ ಯಾವ ಅಂಕಿಯನ್ನೂ ಪುಸ್ತಕಕ್ಕೆ ಬರೆಯಬೇಡಿ.

ಹಂತ 7: ಮುಂದಿನದು

ಮುಂದಿನ ಕ್ಯಾಮ್‌ಗಳು ಪುಣ್ಯಕ್ಕೆ ತಿರುಗಿದವು. ಕ್ಯಾಂಬರ್ ಎರಡೂ ಕಡೆ ಮೈನಸ್ 1.0. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗಿಸುವ ಅಕ್ಷ ಎಷ್ಟು ವಾಲಿದೆ ಅನ್ನುವುದು) ನೋಡಲು ಚಕ್ರವನ್ನು 20 ಡಿಗ್ರಿ ಒಳಕ್ಕೆ, ಆಮೇಲೆ 20 ಡಿಗ್ರಿ ಹೊರಕ್ಕೆ ತಿರುಗಿಸಿ, ಎರಡು ಕ್ಯಾಂಬರ್ ಅಂಕಿಗಳ ವ್ಯತ್ಯಾಸವನ್ನು 1.5ರಿಂದ ಗುಣಿಸಿದೆ. ಎಡ 5.1, ಬಲ 4.9. ಸಾಕು. ಸ್ಟೀರಿಂಗನ್ನು ನೇರ ಇಟ್ಟು ಸೀಟಿಗೆ ಬೆಲ್ಟ್ ಕಟ್ಟಿ, ಟೈ ರಾಡಿನಿಂದ ಒಟ್ಟು 1 ಮಿ.ಮೀ. ಟೋ-ಇನ್ ಇಟ್ಟೆ. ಟೈ ರಾಡ್ ತಿರುಗಿಸುವ ಮೊದಲು ಸ್ಟೀರಿಂಗ್ ರ‍್ಯಾಕಿನ ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸಿ, ಇಲ್ಲದಿದ್ದರೆ ಬೂಟ್ ತಿರುಚಿಕೊಂಡು ಹರಿಯುತ್ತದೆ.

ಹಂತ 8: ಪರೀಕ್ಷೆ ಮತ್ತು ಖರ್ಚು

ಬೇರೊಂದು ಅಂಗಡಿಯಲ್ಲಿ 110 ಡಾಲರ್ ಕೊಟ್ಟು ಬರೀ ಅಳೆಸಿದೆ, ಏನನ್ನೂ ತಿರುಗಿಸಬೇಡಿ ಅಂತ ಹೇಳಿಯೇ. ಹಿಂದಿನ ಒಟ್ಟು ಟೋ 0.24 ಡಿಗ್ರಿ ಬಂತು, ನನ್ನದು 0.21. ಕ್ಯಾಂಬರ್ ಡ್ರೈವರ್ ಬದಿಯಲ್ಲಿ 0.1, 0.2 ಡಿಗ್ರಿ ಕಡಿಮೆ ತೋರಿಸಿತು. ಅವರ ಸೀಟಿನಲ್ಲಿ ಅಕ್ಕಿ ಇರಲಿಲ್ಲವಲ್ಲ. ದಾರ, ಕೊಳವೆ, ಅರ್ಧ ಮಿ.ಮೀ. ಗುರುತಿನ ಉಕ್ಕಿನ ಸ್ಕೇಲಿಗೆ ಇಷ್ಟು ನಿಖರತೆ ನಾನು ನಿರೀಕ್ಷಿಸಿರಲಿಲ್ಲ.

ಖರ್ಚು ಡಾಲರಿನಲ್ಲಿ: ಕ್ಯಾಮ್ ಬೋಲ್ಟ್, ತಟ್ಟೆ, ನಟ್ ನಾಲ್ಕು ಸೆಟ್ 140, ಬುಶ್ 70, ಕಾರ್ಬೈಡ್ ಬ್ಲೇಡ್ 30, ಎಣ್ಣೆ ಮತ್ತು ಗ್ಯಾಸ್ 25, ಮರ, ಟೈಲ್, ಕೊಳವೆ 60, ಅಳೆಸಿದ್ದು 110. ಒಟ್ಟು 435. ನಾಲ್ಕು ಹೊಸ ಟೈರು ಕೂರಿಸಿದ್ದೂ ಸೇರಿ ಬೇರೆ 540. ಜಾಮ್ ಆದ ಬೋಲ್ಟ್ ಇಲ್ಲದ ಕಾರಾಗಿದ್ದರೆ ಮೊದಲ ಲೆಕ್ಕ 200ರ ಒಳಗೇ ಮುಗಿಯುತ್ತಿತ್ತು.

ಸುಮಾರು 4000 ಮೈಲಿ ಓಡಿದ ಮೇಲೆ ಹಿಂದಿನ ಟೈರುಗಳ ಅಳತೆ, ಒಳಗಿಂದ ಹೊರಕ್ಕೆ: ಎಡ 7.0, 7.1, 7.2; ಬಲ 7.0, 7.1, 7.1. ಹೊಸದಿದ್ದಾಗ 7.9 ಇತ್ತು. ಅಂಗೈ ಎರಡೂ ದಿಕ್ಕಿಗೆ ನುಣುಪಾಗಿ ಜಾರುತ್ತದೆ. ಸ್ಟೀರಿಂಗ್ ನೇರ ನಿಲ್ಲುತ್ತದೆ. ಮಳೆಯಲ್ಲಿ ಹಿಂಭಾಗ ಸರಿಯುವುದು ನಿಂತಿದೆ.

ಗಂಟೆಗೆ 65 ಮೈಲಿಯಲ್ಲಿ ಸಣ್ಣ ನಡುಕ ಇನ್ನೂ ಇದೆ. ಅದು ಅಲೈನ್‌ಮೆಂಟಿನದಲ್ಲ, ಬ್ಯಾಲೆನ್ಸಿಂಗ್ ಅಥವಾ ಬಗ್ಗಿದ ರಿಮ್ ಇರಬೇಕು. ಚಕ್ರಗಳನ್ನು ಹಿಂದುಮುಂದು ಬದಲಾಯಿಸಿ ನಡುಕ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದು ಮುಂದಿನ ಕೆಲಸ. ಉಪ್ಪು ಬೀಳುವ ಮೊದಲು ಮುಂದಿನ ಕ್ಯಾಮ್ ಬೋಲ್ಟುಗಳನ್ನೂ ಒಂದೊಂದಾಗಿ ಹೊರಗೆಳೆದು ಆಂಟಿ-ಸೀಜ್ ಹಚ್ಚಬೇಕು. ಕ್ಯಾಮ್‌ಗೆ ಪೇಂಟ್ ಗುರುತು ಇದೆ, ಆದರೂ ದಾರ ಮತ್ತೆ ಕಟ್ಟಬೇಕಾಗುತ್ತದೆ.